ತಪ್ಪು ರೋಗನಿರ್ಣಯದ ನಂತರ ಅದೇ ಪಶುವೈದ್ಯರ ಬಳಿಗೆ ಮತ್ತೆ ಹೋಗಬಹುದೇ?

ಪ್ರಶ್ನೆ

ನಮ್ಮ ಹೆಣ್ಣುನಾಯಿಗೆ ಈಗ ಏಳು ವರ್ಷ. ವ್ಯಾಕರಣದ ಪ್ರಕಾರ ‘ಅದು’ ಎಂದು ಬರೆಯಬೇಕು, ಆದರೆ ಏಳು ವರ್ಷ ‘ಅವಳು’ ಎಂದೇ ಕರೆದು ಅಭ್ಯಾಸವಾಗಿರುವುದರಿಂದ ಹಾಗೆಯೇ ಬರೆಯುತ್ತೇನೆ. ಮರಿಯಾಗಿದ್ದಾಗಿನಿಂದಲೂ ಅವಳ ಲಸಿಕೆ, ಜಂತುಹುಳುವಿನ ಮಾತ್ರೆ, ಕಿವಿಯ ಸೋಂಕು, ಉಣುಗಿನ ಕಾಟ ಎಲ್ಲವನ್ನೂ ನೋಡಿಕೊಂಡದ್ದು ಮನೆಯಿಂದ ನಡೆದೇ ಹೋಗಬಹುದಾದ ಒಂದು ಪುಟ್ಟ ಚಿಕಿತ್ಸಾಲಯ. ಅಲ್ಲಿನ ವೈದ್ಯರು ಮಿತಭಾಷಿ, ಅವಸರದವರಲ್ಲ, ಅವಳಿಗೂ ಅವರ ಮೇಲೆ ಹೆದರಿಕೆ ಇಲ್ಲ. ಈವರೆಗೆ ದೂರಲು ನನಗೆ ಕಾರಣವೇ ಸಿಕ್ಕಿರಲಿಲ್ಲ.

ಹತ್ತು ದಿನಗಳ ಹಿಂದೆ ಅವಳು ಊಟ ಬಿಟ್ಟಳು, ಎರಡು ಬಾರಿ ವಾಂತಿ ಮಾಡಿಕೊಂಡಳು. ನಾನು ಕರೆದುಕೊಂಡು ಹೋದಾಗ ವೈದ್ಯರು ಅವಳನ್ನು ಮೇಜಿನ ಮೇಲೆ ಹತ್ತಿಸಲಿಲ್ಲ. ‘ಏನೋ ತಿಂದಿರಬೇಕು, ಹೊಟ್ಟೆ ಕೆಟ್ಟಿದೆ’ ಎಂದು ನಿಂತಲ್ಲೇ ವಾಂತಿ ನಿಲ್ಲುವ ಚುಚ್ಚುಮದ್ದು ಕೊಟ್ಟು ಕಳುಹಿಸಿದರು. ಮರುದಿನವೂ ಅವಳು ಏಳಲಿಲ್ಲ, ನಾವು ಮತ್ತೆ ಹೋದೆವು, ಮತ್ತೆ ಅದೇ ಚುಚ್ಚುಮದ್ದು. ಮೂರನೆಯ ದಿನ ಬೆಳಗ್ಗೆ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದನ್ನು ಕಂಡು ಮನಸ್ಸು ತಡೆಯದೆ ದೂರದ ದೊಡ್ಡ ಆಸ್ಪತ್ರೆಗೆ ಒಯ್ದೆ. ಅಲ್ಲಿನ ವೈದ್ಯೆ ಜ್ವರ ನೋಡಿ, ಒಸಡನ್ನು ಬೆರಳಿನಿಂದ ಒತ್ತಿ ನೋಡಿ, ಕೇಳಿದ ಮೊದಲ ಪ್ರಶ್ನೆ ‘ಇವಳು ಕೊನೆಯ ಬಾರಿ ಬೆದೆಗೆ ಬಂದದ್ದು ಯಾವಾಗ?’ ಎಂಬುದು. ಸುಮಾರು ಆರು ವಾರ ಎಂದೆ. ‘ನೀರು ಹೆಚ್ಚು ಕುಡಿಯುತ್ತಿದ್ದಾಳೆಯೇ?’ ಎಂಬುದು ಎರಡನೆಯದು. ಅಲ್ಟ್ರಾಸೌಂಡ್ ಪರದೆಯ ಮೇಲೆ ಕಪ್ಪು ಚೀಲಗಳಂತೆ ಸಾಲಾಗಿ ಕಂಡದ್ದು ಕೀವು ತುಂಬಿ ಉಬ್ಬಿದ ಗರ್ಭಕೋಶ. ಅದಕ್ಕೆ ಪಯೋಮೆಟ್ರಾ ಎನ್ನುತ್ತಾರೆಂದು ನನಗೆ ತಿಳಿದದ್ದೇ ಆಗ. ಅಂದು ಸಂಜೆಯೇ ಶಸ್ತ್ರಚಿಕಿತ್ಸೆ ಮಾಡಿ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. ಈಗ ಅವಳು ಚೇತರಿಸಿಕೊಳ್ಳುತ್ತಿದ್ದಾಳೆ.

ಏಳು ವರ್ಷ ಸರಿಯಾಗಿ ನೋಡಿಕೊಂಡ ವೈದ್ಯರನ್ನು ಎರಡು ದಿನಗಳ ತಪ್ಪಿಗಾಗಿ ಬಿಡುವುದು ನ್ಯಾಯವೇ, ಅಥವಾ ಅವಳ ಪ್ರಾಣಕ್ಕೇ ಬಂದಿದ್ದ ಆ ಎರಡು ದಿನಗಳನ್ನು ಮರೆತು ಹಿಂತಿರುಗುವುದು ಮೂರ್ಖತನವೇ ಎಂಬುದು ತಿಳಿಯುತ್ತಿಲ್ಲ. ನೀವು ನಿಮ್ಮ ಚಿಕಿತ್ಸಾಲಯವನ್ನು ಯಾವುದರಿಂದ ಅಳೆಯುತ್ತೀರಿ?

ಉತ್ತರ: ಎರಡು ಬೆಕ್ಕುಗಳ ಮನೆಯವರು

ಅವಳು ಉಳಿದದ್ದು ಕೇಳಿ ಸಮಾಧಾನವಾಯಿತು. ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರಿಸುವಷ್ಟು ತಿಳಿವಳಿಕೆ ನನಗಿಲ್ಲ, ಆದರೆ ನಾನು ನನ್ನ ಚಿಕಿತ್ಸಾಲಯವನ್ನು ನಂಬಲು ಕಾರಣವಾದದ್ದು ವೈದ್ಯರಲ್ಲ, ದೂರವಾಣಿ ಎತ್ತಿದ ಸಹಾಯಕಿ ಎಂಬುದನ್ನು ಹೇಳಬೇಕು.

ನಮ್ಮ ಗಂಡುಬೆಕ್ಕು ಒಂದು ಸಂಜೆ ಮರಳಿನ ತಟ್ಟೆಗೆ ಹೋಗುವುದು, ಕುಕ್ಕರುಗಾಲಲ್ಲಿ ಕೂರುವುದು, ಮುಲುಗುವುದು, ಹೊರಬರುವುದು, ಐದು ನಿಮಿಷಕ್ಕೆ ಮತ್ತೆ ಹೋಗುವುದು ಹೀಗೆ ಮಾಡತೊಡಗಿತು. ಮಲಬದ್ಧತೆ ಎಂದುಕೊಂಡು, ಮನೆಯಲ್ಲೇ ಏನಾದರೂ ಕೊಡಬಹುದೇ, ನಾಳೆ ಬೆಳಗ್ಗೆ ಕರೆತರಬಹುದೇ ಎಂದು ಕೇಳಲು ಫೋನ್ ಮಾಡಿದೆ. ಆಕೆ ನನ್ನ ಮಾತನ್ನು ಅರ್ಧಕ್ಕೇ ತಡೆದು, ‘ಗಂಡುಬೆಕ್ಕೇ? ಮರಳು ಒದ್ದೆಯಾಗಿದೆಯೇ, ಹೋಗಿ ಮುಟ್ಟಿ ನೋಡಿ, ನಾನು ಕಾಯುತ್ತೇನೆ’ ಎಂದರು. ಮರಳು ಪೂರ್ತಿ ಒಣಗಿತ್ತು. ‘ನಾಳೆಯಲ್ಲ, ಈಗಲೇ ಹೊರಡಿ’ ಎಂದರು. ಗಂಡುಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಸಣ್ಣ ಹರಳುಗಳೋ ಲೋಳೆಯಂಥ ಗಸಿಯೋ ಅಲ್ಲಿ ಸಿಕ್ಕಿಕೊಂಡರೆ ಮೂತ್ರ ಹೊರಬರುವ ದಾರಿಯೇ ಇರುವುದಿಲ್ಲ, ರಕ್ತದಲ್ಲಿ ಪೊಟ್ಯಾಸಿಯಮ್ ಏರುತ್ತದೆ, ಅದು ಹೃದಯದ ಬಡಿತವನ್ನೇ ಕೆಡಿಸುತ್ತದೆ, ಒಂದೆರಡು ದಿನಗಳೊಳಗೆ ಬೆಕ್ಕು ಸಾಯಬಹುದು. ಇದೆಲ್ಲ ನನಗೆ ನಂತರ ತಿಳಿಯಿತು. ಅಂದು ರಾತ್ರಿ ಅರಿವಳಿಕೆ ಕೊಟ್ಟು ಮೂತ್ರನಾಳದೊಳಗೆ ಕ್ಯಾಥೆಟರ್ ಎಂಬ ಸಣ್ಣ ಕೊಳವೆ ಹಾಕಿದರು.

ಇನ್ನೊಂದು ಮಾತು. ಬೆಕ್ಕನ್ನು ಮನೆಗೆ ಕಳುಹಿಸುವಾಗ ವೈದ್ಯರು ‘ವಾಸಿಯಾಯಿತು’ ಎನ್ನಲಿಲ್ಲ. ಇದು ಮತ್ತೆ ಕಟ್ಟಿಕೊಳ್ಳುವ ಸಾಧ್ಯತೆ ಸಾಕಷ್ಟಿದೆ, ಮೊದಲ ಕೆಲವು ದಿನಗಳಲ್ಲಿ ಇನ್ನೂ ಹೆಚ್ಚು, ಆದ್ದರಿಂದ ಪ್ರತಿ ಬಾರಿ ತಟ್ಟೆಗೆ ಹೋದಾಗ ಮೂತ್ರದಿಂದ ಆದ ಮರಳಿನ ಗಂಟು ಎಷ್ಟು ದೊಡ್ಡದಿದೆ ಎಂದು ನೋಡಿ ಎಂದರು. ಅವರು ಹೇಳಿದಂತೆಯೇ ನಾಲ್ಕನೆಯ ದಿನ ಮತ್ತೆ ಕಟ್ಟಿತು. ಮೊದಲೇ ಹೇಳಿರದಿದ್ದರೆ ಇವರು ಸರಿಯಾಗಿ ಚಿಕಿತ್ಸೆ ಮಾಡಲಿಲ್ಲ ಎಂದು ನಾನು ಬೈದುಕೊಂಡು ಬೇರೆ ಕಡೆ ಹೋಗುತ್ತಿದ್ದೆ. ಹೇಳಿದ್ದರಿಂದ, ಗಂಟು ಕಾಣದ ಒಂದು ಗಂಟೆಯೊಳಗೆ ಅವರ ಬಾಗಿಲಲ್ಲಿದ್ದೆ.

ಉತ್ತರ: ಹಿಂದೆ ಚಿಕಿತ್ಸಾಲಯವೊಂದರಲ್ಲಿ ಸಹಾಯಕನಾಗಿದ್ದವನು

ನಾನು ವೈದ್ಯನಲ್ಲ. ಆರು ವರ್ಷ ಪಶುವೈದ್ಯರೊಬ್ಬರ ಕೈಕೆಳಗೆ ಪ್ರಾಣಿಗಳನ್ನು ಹಿಡಿದುಕೊಳ್ಳುವ, ತೂಕ ನೋಡುವ, ಡ್ರಿಪ್ ಕಾಯುವ ಕೆಲಸ ಮಾಡಿದವನು. ಆದ್ದರಿಂದ ಮೇಜಿನ ಆಚೆ ಬದಿಯಿಂದ ಕಂಡದ್ದನ್ನು ಹೇಳುತ್ತೇನೆ.

ಮೊದಲ ದಿನ ಪಯೋಮೆಟ್ರಾ ತಿಳಿಯದೆ ಹೋಗಬಹುದು. ಗರ್ಭಕೋಶದ ಬಾಯಿ ತೆರೆದಿದ್ದರೆ ಕೀವು ಹೊರಬರುತ್ತದೆ, ಬಾಲದ ಕೆಳಗೆ ಕೂದಲು ಅಂಟಿಕೊಂಡಿರುವುದು ಕಂಡೇ ಕಾಣುತ್ತದೆ. ಬಾಯಿ ಮುಚ್ಚಿದ್ದರೆ ಹೊರಗೆ ಏನೂ ಕಾಣಿಸದು, ಅಪಾಯ ಮಾತ್ರ ಹೆಚ್ಚು. ಊಟ ಬಿಡುವುದು, ವಾಂತಿ, ಮಂಕು, ಇವು ನೂರು ರೋಗಗಳ ಲಕ್ಷಣಗಳು. ಹಾಗಾಗಿ ಮೊದಲ ದಿನದ ಊಹೆ ತಪ್ಪಿದ್ದಕ್ಕೆ ನಾನು ನಿಮ್ಮ ವೈದ್ಯರನ್ನು ಬಹಳ ದೂರುವುದಿಲ್ಲ. ಮುಟ್ಟಿಯೂ ನೋಡದೆ ಊಹಿಸಿದ್ದು ತಪ್ಪೇ, ಅದು ಬೇರೆ ಮಾತು. ನನ್ನ ದೃಷ್ಟಿಯಲ್ಲಿ ನಿಜವಾದ ಲೋಪ ಎರಡನೆಯ ದಿನದ್ದು. ಕೊಟ್ಟ ಔಷಧ ಕೆಲಸ ಮಾಡಲಿಲ್ಲ ಎಂದು ಪ್ರಾಣಿ ಹಿಂತಿರುಗಿ ಬಂದಾಗ, ಆ ಬರುವಿಕೆಯೇ ಒಂದು ಪರೀಕ್ಷೆಯ ಫಲಿತಾಂಶ: ನಿನ್ನೆಯ ಊಹೆ ಸರಿಯಲ್ಲ ಎಂದು ಅದು ಹೇಳುತ್ತದೆ. ಆಗ ವೈದ್ಯರು ಮೊದಲಿನಿಂದ ಆರಂಭಿಸಬೇಕು, ಅದೇ ಚುಚ್ಚುಮದ್ದನ್ನು ಮತ್ತೆ ಚುಚ್ಚಬಾರದು. ನನ್ನ ಗುರುಗಳು ಹಾಗೆ ಮರಳಿ ಬಂದವರ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ‘2’ ಎಂದು ಬರೆಸುತ್ತಿದ್ದರು. ಆ ಚೀಟಿ ಕಂಡರೆ ಸರದಿ ಎಷ್ಟು ಉದ್ದವಿದ್ದರೂ ಬಾಗಿಲು ಮುಚ್ಚಿಕೊಂಡು ಕೂತು ನೋಡುತ್ತಿದ್ದರು.

ನೋಡುವುದೆಂದರೆ ಏನು ಮಹಾ ಯಂತ್ರವೂ ಬೇಕಿಲ್ಲ. ತೂಕ, ಏಕೆಂದರೆ ಪ್ರತಿಯೊಂದು ಔಷಧದ ಪ್ರಮಾಣವೂ ತೂಕದ ಲೆಕ್ಕದಲ್ಲೇ ಬರುವುದು. ಗುದದ್ವಾರದಲ್ಲಿ ಥರ್ಮಾಮೀಟರ್, ನಾಯಿಯ ಸಹಜ ಉಷ್ಣಾಂಶ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, ಅಂದರೆ ನಮ್ಮ ಜ್ವರ ಅದಕ್ಕೆ ಆರೋಗ್ಯ, ಹಾಗಾಗಿ ಕೈಯಿಟ್ಟು ‘ಬಿಸಿಯಿದೆ’ ಎನ್ನುವುದಕ್ಕೆ ಅರ್ಥವಿಲ್ಲ. ಒಸಡನ್ನು ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ತಡವಾದರೆ ರಕ್ತಸಂಚಾರ ಕುಂದಿದೆ ಎಂದು ಅರ್ಥ. ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿ ನೋಡುವುದು, ಎದೆಗೆ ಸ್ಟೆತೊಸ್ಕೋಪ್ ಇಡುವುದು. ಸಂತಾನಹರಣ ಮಾಡಿಸದ ಹೆಣ್ಣಾದರೆ ಬೆದೆಯ ಲೆಕ್ಕ ಕೇಳಲೇಬೇಕು, ಏಕೆಂದರೆ ಈ ರೋಗ ಸಾಮಾನ್ಯವಾಗಿ ಬೆದೆ ಮುಗಿದ ನಾಲ್ಕರಿಂದ ಎಂಟು ವಾರಗಳಲ್ಲಿ ತಲೆದೋರುತ್ತದೆ: ಆಗ ಪ್ರೊಜೆಸ್ಟೆರೋನ್ ಹಾರ್ಮೋನಿನ ಪ್ರಭಾವದಲ್ಲಿ ಗರ್ಭಕೋಶದ ಒಳಪದರ ದಪ್ಪವಾಗಿ, ಅದರ ಸಂಕೋಚನ ನಿಂತು, ಒಳಹೊಕ್ಕ ಬ್ಯಾಕ್ಟೀರಿಯಾಕ್ಕೆ ಬೆಚ್ಚಗಿನ ಮನೆ ಸಿಕ್ಕಂತಾಗಿರುತ್ತದೆ. ಆ ಬ್ಯಾಕ್ಟೀರಿಯಾದ ವಿಷ ಮೂತ್ರಪಿಂಡವು ನೀರನ್ನು ಹಿಡಿದಿಟ್ಟುಕೊಳ್ಳದಂತೆ ಮಾಡುವುದರಿಂದಲೇ ನಾಯಿ ಬಟ್ಟಲುಗಟ್ಟಲೆ ನೀರು ಕುಡಿಯುವುದು. ಈ ಎಲ್ಲ ನೋಟಕ್ಕೆ ಹತ್ತು ನಿಮಿಷ ಸಾಕು.

ಈಗ ಈಚೆ ಬದಿಯವರಿಗೂ ಒಂದು ಮಾತು, ಕೋಪ ಮಾಡಿಕೊಳ್ಳಬೇಡಿ. ಬಂದವರು ಹೇಳುವ ವಿಷಯ ಹತ್ತರಲ್ಲಿ ನಾಲ್ಕು ಬಾರಿ ಅರೆಬರೆಯಾಗಿರುತ್ತಿತ್ತು. ಗಂಟಲು ಕೆರೆದು ಕೆಮ್ಮಿ ನೊರೆ ಉಗುಳುವುದನ್ನು ವಾಂತಿ ಎನ್ನುತ್ತಾರೆ. ಹೊಟ್ಟೆ ಹಿಂಡಿಕೊಳ್ಳದೆ ತಿಂದ ಅನ್ನ ಹಾಗೆಯೇ ಹೊರಬೀಳುವುದನ್ನೂ ವಾಂತಿ ಎನ್ನುತ್ತಾರೆ. ಇವೆರಡೂ, ನಿಜವಾದ ವಾಂತಿಯೂ ಮೂರು ದಾರಿಯ ರೋಗಗಳು. ಫೋನಿನಲ್ಲಿ ಅರ್ಧ ನಿಮಿಷದ ವಿಡಿಯೋ ಮಾಡಿಕೊಂಡು ಬಂದರೆ ಅದು ಅರ್ಧ ಗಂಟೆಯ ವಿವರಣೆಗಿಂತ ಮೇಲು. ಇನ್ನು ಮನೆಯಲ್ಲಿ ಕೊಟ್ಟ ಮಾತ್ರೆಯನ್ನು ಮುಚ್ಚಿಡುವವರ ವಿಷಯ. ಒಮ್ಮೆ ಉಸಿರಿಗೆ ಒದ್ದಾಡುತ್ತಿದ್ದ ಬೆಕ್ಕೊಂದನ್ನು ತಂದರು. ಬಾಯಿ ತೆರೆದು ನೋಡಿದರೆ ಒಸಡು ಗುಲಾಬಿಯೂ ಅಲ್ಲ, ಬಿಳಿಯೂ ಅಲ್ಲ, ಕಾಫಿ ಚೆಲ್ಲಿದ ಬಟ್ಟೆಯ ಕಂದು ಬಣ್ಣ. ವೈದ್ಯರು ಮೂರು ಬಾರಿ ಕೇಳಿದರು, ಮೂರು ಬಾರಿಯೂ ‘ಏನೂ ಕೊಟ್ಟಿಲ್ಲ’ ಎಂದರು, ನಾಲ್ಕನೆಯ ಬಾರಿ ಜೊತೆಗಿದ್ದ ಹುಡುಗ ‘ಜ್ವರದ ಮಾತ್ರೆ ಕೊಟ್ಟಿದ್ದೆವು’ ಎಂದ. ಪ್ಯಾರಾಸಿಟಮಾಲನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ರಕ್ತವು ಆಮ್ಲಜನಕ ಹೊರುವುದನ್ನೇ ನಿಲ್ಲಿಸುತ್ತದೆ. ಇದಕ್ಕೆ ಪ್ರತ್ಯೌಷಧ ಇದೆ, ಆದರೆ ಬೇಗ ಕೊಡಬೇಕು, ಬೇಗ ಕೊಡಲು ಯಾರಾದರೂ ನಿಜ ಹೇಳಬೇಕು.

ಕೇಳುತ್ತೇನೆಂದು ಬೇಸರಿಸಬೇಡಿ: ನಿಮ್ಮ ನಾಯಿ ನೀರು ಹೆಚ್ಚು ಕುಡಿಯುತ್ತಿದ್ದುದನ್ನು ಮೊದಲ ವೈದ್ಯರಿಗೆ ನೀವು ಹೇಳಿದ್ದಿರೇ?

ಉತ್ತರ: ಮುದಿ ನಾಯಿಯ ಒಡತಿ

ನಾನು ಹಿಂತಿರುಗಿ ಹೋಗುವುದಿಲ್ಲ. ಹೇಳಲಿಲ್ಲ ಎಂದರೂ ಕೇಳುವುದು ಅವರ ಕೆಲಸ, ನಮ್ಮದಲ್ಲ. ನಾವು ಹಣ ಕೊಡುವುದು ಪ್ರಶ್ನೆ ಕೇಳಲು ಕಲಿತವರಿಗೆ. ನನ್ನ ನಾಯಿಗೆ ಹೃದಯದ ಕವಾಟದ ತೊಂದರೆ ಇದೆ ಎಂದು ತಿಳಿದ ಮೇಲೆ ಹಳೆಯ ಚಿಕಿತ್ಸಾಲಯದಿಂದ ಹಿಂದಿನ ಎಕ್ಸ್‌ರೇ ಮತ್ತು ರಕ್ತಪರೀಕ್ಷೆಯ ವರದಿಗಳನ್ನು ಕೇಳಿದೆ. ಒಂದು ವಾರ ನಾಳೆ ಬನ್ನಿ ಎಂದರು, ಕೊನೆಗೆ ಸಿಗುತ್ತಿಲ್ಲ ಎಂದರು. ರೋಗ ತಿಳಿಯದಿರುವುದನ್ನು ಕ್ಷಮಿಸಬಲ್ಲೆ, ದಾಖಲೆ ಇಡದಿರುವುದನ್ನು ಕ್ಷಮಿಸಲಾರೆ, ಏಕೆಂದರೆ ಹಿಂದಿನ ಚಿತ್ರವಿಲ್ಲದೆ ಹೃದಯ ಹಿಗ್ಗಿದೆಯೇ, ಮೊದಲಿನಿಂದಲೂ ಹಾಗೆಯೇ ಇತ್ತೇ ಎಂದು ಹೊಸ ವೈದ್ಯರಿಗೂ ಹೇಳಲಾಗಲಿಲ್ಲ.

ಹೊಸ ಕಡೆ ನನಗೆ ಕಲಿಸಿದ ಮೊದಲ ಪಾಠ, ನಾಯಿ ಗಾಢ ನಿದ್ರೆಯಲ್ಲಿದ್ದಾಗ ಒಂದು ನಿಮಿಷಕ್ಕೆ ಎಷ್ಟು ಬಾರಿ ಉಸಿರಾಡುತ್ತದೆ ಎಂದು ಎಣಿಸಿ ಬರೆಯುವುದು. ಮೂವತ್ತರೊಳಗಿದ್ದರೆ ಚಿಂತೆಯಿಲ್ಲ, ದಿನದಿಂದ ದಿನಕ್ಕೆ ಏರುತ್ತ ಮೂವತ್ತು ದಾಟಿದರೆ ಕೆಮ್ಮು ಬರುವವರೆಗೆ ಕಾಯದೆ ಫೋನ್ ಮಾಡಬೇಕು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ದಿನಾಂಕದ ಕೆಳಗೆ ಒಂದು ಅಂಕಿ ಇದೆ. ಇಂದು 22.

ಉತ್ತರ: ಈ ವರ್ಷ ಮರಿ ತಂದವರು

ಸಹಾಯಕರಾಗಿದ್ದವರು ಹೇಳಿದ ‘ಎರಡನೆಯ ದಿನ’ದ ಮಾತನ್ನು ಓದಿ ನಮ್ಮ ಅನುಭವ ಬರೆಯಬೇಕೆನಿಸಿತು, ಏಕೆಂದರೆ ನಮ್ಮ ಮರಿ ಬದುಕಿದ್ದು ಎರಡನೆಯ ಬಾರಿ ಮಾಡಿದ ಪರೀಕ್ಷೆಯಿಂದ.

ಒಂಬತ್ತು ವಾರದ ಮರಿ, ಒಂದು ಲಸಿಕೆ ಮಾತ್ರ ಆಗಿತ್ತು. ವಾಂತಿ, ಭೇದಿ ಎಂದು ಚಿಕಿತ್ಸಾಲಯಕ್ಕೆ ಹೋದಾಗ ಅವರು ನಮ್ಮನ್ನು ಒಳಗೇ ಬಿಡಲಿಲ್ಲ. ‘ಮರಿಯನ್ನು ಕೆಳಗಿಳಿಸಬೇಡಿ, ವಾಹನದಲ್ಲೇ ಇರಿ’ ಎಂದು ಹೇಳಿ, ಕೈಗವಸು ಹಾಕಿಕೊಂಡು ಹೊರಗೆ ಬಂದು ನೋಡಿದರು. ಅಸ್ಪೃಶ್ಯರನ್ನು ಕಂಡಂತೆ ಕಂಡರು ಎಂದು ನನಗೆ ಎಷ್ಟು ಅವಮಾನವಾಯಿತೆಂದರೆ, ಅಲ್ಲಿಂದಲೇ ತಿರುಗಿ ಹೋಗೋಣವೆಂದು ಮನೆಯವರಿಗೆ ಹೇಳಿದ್ದೆ. ಮಲದ ಮಾದರಿಯಿಂದ ಪಾರ್ವೊ ಎಂಬ ವೈರಸ್ ರೋಗದ ಪರೀಕ್ಷೆ ಮಾಡಿದರು, ಒಂದೇ ಗೆರೆ ಬಂತು, ಅಂದರೆ ಇಲ್ಲ ಎಂದು. ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಆದರೆ ವೈದ್ಯೆ, ರೋಗದ ಆರಂಭದಲ್ಲಿ ಪರೀಕ್ಷೆ ಸುಳ್ಳು ಹೇಳುವುದುಂಟು, ಮರಿಯ ಚಹರೆ ನನಗೆ ಹಿಡಿಸುತ್ತಿಲ್ಲ, ಪಾರ್ವೊ ಎಂದೇ ತಿಳಿದು ಚಿಕಿತ್ಸೆ ಮಾಡುತ್ತೇನೆ, ನಾಡಿದ್ದು ಮತ್ತೆ ಪರೀಕ್ಷಿಸೋಣ ಎಂದರು. ಬೇರೆ ಕೋಣೆಯಲ್ಲಿ ಡ್ರಿಪ್ ಹಾಕಿದರು. ಎರಡನೆಯ ಪರೀಕ್ಷೆಯ ದಿನ ಭೇದಿಯಲ್ಲಿ ರಕ್ತ ಬಂದಿತ್ತು, ಬಿಳಿ ರಕ್ತಕಣಗಳ ಸಂಖ್ಯೆ ಕುಸಿದಿತ್ತು, ಪರೀಕ್ಷೆಯಲ್ಲಿ ಎರಡನೆಯ ಗೆರೆ ದಟ್ಟವಾಗಿ ಮೂಡಿತ್ತು. ಮೊದಲ ಫಲಿತಾಂಶವನ್ನು ನಂಬಿ ಮನೆಗೆ ಕಳುಹಿಸಿದ್ದರೆ ನೀರಿನಂಶ ಕಳೆದುಕೊಂಡೇ ಅದು ಸಾಯುತ್ತಿತ್ತು.

ವೈರಸ್ಸನ್ನು ಕೊಲ್ಲುವ ಔಷಧ ಕೈಯಲ್ಲಿಲ್ಲ, ಕರುಳು ಮತ್ತು ಮಜ್ಜೆ ಚೇತರಿಸಿಕೊಳ್ಳುವವರೆಗೆ ದೇಹವನ್ನು ಹಿಡಿದು ನಿಲ್ಲಿಸುವುದಷ್ಟೇ ನಮ್ಮ ಕೆಲಸ ಎಂದು ಆಕೆ ಮೊದಲ ದಿನವೇ ಹೇಳಿದ್ದರು. ಉಳಿಯುತ್ತದೆ ಎಂದು ಒಮ್ಮೆಯೂ ಹೇಳಲಿಲ್ಲ. ಆರನೆಯ ದಿನ ಮರಿ ಸಹಾಯಕಿಯ ಬೂಟಿನ ದಾರ ಕಚ್ಚಿ ಎಳೆಯಿತು ಎಂದು ಫೋನ್ ಬಂತು.

ನಮ್ಮನ್ನು ಬಾಗಿಲಾಚೆ ನಿಲ್ಲಿಸಿದ್ದೇಕೆಂದು ಅರ್ಥವಾದದ್ದು ಮನೆ ತೊಳೆಯುವಾಗ. ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಸಾಮಾನ್ಯ ಸಾಬೂನಿಗೂ ಸ್ಯಾನಿಟೈಸರಿಗೂ ಜಗ್ಗುವುದಿಲ್ಲ. ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ, ಹತ್ತು ನಿಮಿಷ ನೆನೆಯಲು ಬಿಟ್ಟು ತೊಳೆಯಬೇಕು. ಕಾಯುವ ಕೋಣೆಯಲ್ಲಿ ಇನ್ನೂ ನಾಲ್ಕು ಮರಿಗಳು ಲಸಿಕೆಗಾಗಿ ಕೂತಿದ್ದವು. ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಯ ಕೆಲಸಕ್ಕೆ ಅಡ್ಡಬರುವುದರಿಂದಲೇ ಹದಿನಾರು ವಾರಗಳವರೆಗೆ ಅದನ್ನು ಮತ್ತೆ ಮತ್ತೆ ಹಾಕಿಸಬೇಕಂತೆ. ಆ ನಡುವಿನ ಮರಿಗಳಿಗೆ ಪೂರ್ತಿ ರಕ್ಷಣೆ ಇರುವುದಿಲ್ಲ. ಅವುಗಳ ನಡುವೆ ನಮ್ಮದನ್ನು ಕೂರಿಸಿದ್ದರೆ ಏನಾಗುತ್ತಿತ್ತೋ. ನನಗೆ ಅವಮಾನವಾಗುವಂತೆ ನಡೆದುಕೊಂಡ ಚಿಕಿತ್ಸಾಲಯವನ್ನೇ ಈಗ ಎಲ್ಲರಿಗೂ ಹೇಳುತ್ತಿದ್ದೇನೆ.

ಪ್ರಶ್ನೆ ಕೇಳಿದವರು ಮತ್ತೆ ಬರೆಯುತ್ತಿದ್ದಾರೆ

ಎಲ್ಲರಿಗೂ ಧನ್ಯವಾದಗಳು. ಕೇಳಿದ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಇಲ್ಲ, ನಾನು ಹೇಳಿರಲಿಲ್ಲ. ವಾಂತಿಯಿಂದ ಬಾಯಿ ಒಣಗಿ ನೀರು ಕುಡಿಯುತ್ತಿದ್ದಾಳೆ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಅಷ್ಟೇ ಅಲ್ಲ, ಅವಳು ಊಟ ಬಿಡುವುದಕ್ಕೆ ಮೂರ್ನಾಲ್ಕು ದಿನ ಮುಂಚಿನಿಂದಲೇ ರಾತ್ರಿ ಎದ್ದು ಬಾಗಿಲು ಕೆರೆಯುತ್ತಿದ್ದಳು. ಅದು ಈಗ ನೆನಪಾಗುತ್ತಿದೆ.

ನಿನ್ನೆ ಸಂಜೆ ಜನ ಇಲ್ಲದ ಹೊತ್ತು ನೋಡಿ, ಶಸ್ತ್ರಚಿಕಿತ್ಸೆಯ ವರದಿಯ ಪ್ರತಿ ಹಿಡಿದುಕೊಂಡು ಹಳೆಯ ವೈದ್ಯರ ಬಳಿಗೆ ಹೋದೆ. ಜಗಳವಾಡಲು ಹೋಗಿದ್ದೆನೋ, ಸಮಾಧಾನ ಹುಡುಕಿಕೊಂಡು ಹೋಗಿದ್ದೆನೋ ನನಗೇ ಸ್ಪಷ್ಟವಿರಲಿಲ್ಲ. ಅವರು ನಿಂತುಕೊಂಡೇ ವರದಿಯನ್ನು ಓದಿದರು. ನಂತರ ತಮ್ಮ ದಾಖಲೆ ಪುಸ್ತಕ ತೆಗೆದು ಆ ಎರಡು ದಿನಗಳ ಸಾಲುಗಳನ್ನು ಹುಡುಕಿ, ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿದರು. ಎರಡು ಸಾಲಿನಲ್ಲೂ ಚುಚ್ಚುಮದ್ದಿನ ಹೆಸರು ಮಾತ್ರ ಇತ್ತು. ತೂಕದ ಅಂಕಣ ಖಾಲಿ, ಉಷ್ಣಾಂಶದ ಅಂಕಣ ಖಾಲಿ. ‘ಮರುದಿನ ಬಂದಾಗಲಾದರೂ ಮೇಜಿನ ಮೇಲೆ ಹತ್ತಿಸಬೇಕಿತ್ತು. ಬೆದೆಯ ವಿಷಯ ಕೇಳಲಿಲ್ಲ’ ಎಂದರು. ಕ್ಷಮಿಸಿ ಎಂಬ ಪದವನ್ನು ಅವರು ಬಳಸಲಿಲ್ಲ, ನಾನೂ ನಿರೀಕ್ಷಿಸಲಿಲ್ಲ. ವರದಿಯನ್ನು ತಾವು ಇಟ್ಟುಕೊಳ್ಳಬಹುದೇ ಎಂದು ಕೇಳಿ, ಅದೇ ಪುಟಕ್ಕೆ ಪಿನ್ ಮಾಡಿದರು.

ಒಡತಿಯವರ ಮಾತನ್ನು ನಾನು ತಳ್ಳಿಹಾಕುತ್ತಿಲ್ಲ. ಆ ಪುಸ್ತಕವನ್ನು ತೋರಿಸದೆ ಮುಚ್ಚಿಟ್ಟಿದ್ದರೆ ನಾನೂ ಮತ್ತೆ ಹೋಗುತ್ತಿರಲಿಲ್ಲ. ಸದ್ಯಕ್ಕೆ ಲಸಿಕೆಗೂ ಸಣ್ಣಪುಟ್ಟದಕ್ಕೂ ಅಲ್ಲಿಗೇ ಹೋಗುವುದು, ಎರಡನೆಯ ದಿನವೂ ಗುಣ ಕಾಣದಿದ್ದರೆ ಅವರನ್ನು ಕೇಳದೆಯೇ ದೂರದ ಆಸ್ಪತ್ರೆಗೆ ಹೊರಡುವುದು ಎಂದು ಮನೆಯಲ್ಲಿ ಮಾತಾಗಿದೆ. ಈ ಮಾತನ್ನು ಅವರಿಗೂ ಹೇಳಿದೆ, ಅವರು ತಲೆಯಾಡಿಸಿದರು.

ಅವಳ ಹೊಲಿಗೆ ನಾಳೆ ಬಿಚ್ಚುತ್ತಾರೆ. ಕೊರಳಿಗೆ ಕಟ್ಟಿದ ಕೋನನ್ನು ಬಾಗಿಲುಬಾಗಿಲಿಗೂ ಬಡಿದುಕೊಂಡು ಓಡಾಡುತ್ತಿದ್ದಾಳೆ, ರಾತ್ರಿ ಒಮ್ಮೆಯೂ ಏಳುತ್ತಿಲ್ಲ.